ಸೃಷ್ಟಿಯ ಪ್ರಯೋಜನ: ಜೊನಾಥನ್ ಎಡ್ವರ್ಡ್ಸನ ಪ್ರಬಂಧದ ಪರಾಮರ್ಶೆ

ಸ್ಕಾಟ್ಲೆಂಡಿನ ಪ್ರೆಸ್ಬಿಟೀರಿಯನ್ ಮನೆತನಗಳ ಮಕ್ಕಳು ಅಕ್ಷರಾಭ್ಯಾಸದ ಜತೆಯಲ್ಲಿಯೇ ತಲೆಮಾರುಗಳ ಕಾಲ ಬಾಯಿಪಾಠ ಮಾಡುತ್ತ ಬಂದ ಚಿಕ್ಕ ಪುಸ್ತಕವೊಂದುಂಟು. ಇಂಗ್ಲೆಂಡಿನ ಪಾರ್ಲಿಮೆಂಟು 1643ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಕೂಡಿಸಿದ ಧರ್ಮಪಂಡಿತರ ಪರಿಷತ್ತು 1647ರಲ್ಲಿ ರಚಿಸಿ ಮುಗಿಸಿದ ಕಿರಿಯ ಪ್ರಶ್ನೋತ್ತರಿ ಅದು. ಅದರಲ್ಲಿರುವ ಪ್ರಶ್ನೆಗಳು 107. ಪಾಪ, ರಕ್ಷಣೆ, ದಶಾಜ್ಞೆ, ಪ್ರಾರ್ಥನೆ ಮೊದಲಾದ ವಿಷಯಗಳೆಲ್ಲ ಆಮೇಲೆ ಬರುತ್ತವೆ. ಮನುಷ್ಯನ ಪರಮ ಪ್ರಯೋಜನವೇನೆಂಬುದೇ ಮೊದಲನೆಯ ಪ್ರಶ್ನೆ. ಅದರ ಉತ್ತರದಲ್ಲಿ ಎರಡು ಕ್ರಿಯಾಪದಗಳಿವೆ. ದೇವರನ್ನು ಮಹಿಮೆಪಡಿಸುವುದು ಒಂದು. ದೇವರನ್ನೇ ಆನಂದವಾಗಿ ನಿತ್ಯವೂ ಅನುಭವಿಸುವುದು ಇನ್ನೊಂದು. ಮುಂಬಯಿಯ ವಿಲ್ಸನ್ ಕಾಲೇಜನ್ನೂ ಮದರಾಸಿನ ಕ್ರಿಶ್ಚಿಯನ್ ಕಾಲೇಜನ್ನೂ ಕಟ್ಟಿದ ಸ್ಕಾಟಿಷ್ ಪಾದ್ರಿಗಳು ಈ ಪ್ರಶ್ನೋತ್ತರಿಯ ನೆರಳಿನಲ್ಲಿ ಬೆಳೆದವರು. ಆ ಕಾಲೇಜುಗಳಲ್ಲಿ ಓದಿದ ಕನ್ನಡಿಗರಿಗೆ ಆ ಪುಸ್ತಕದ ಪರಿಚಯವಿರಲಿ ಇಲ್ಲದಿರಲಿ, ಅದರ ಹಿಂದಿನ ಮನೋಧರ್ಮದ ಪರಿಚಯವಿದ್ದೇ ಇತ್ತು.

ಪ್ರಶ್ನೆಯಲ್ಲಿ ಪ್ರಯೋಜನವೆಂಬುದು ಏಕವಚನ; ಉತ್ತರದಲ್ಲಿರುವ ಕ್ರಿಯೆಗಳೋ ಎರಡು. ಇವೆರಡರ ನಡುವೆ ಇಂಗ್ಲಿಷಿನವರು ಒಂದು ಸಮುಚ್ಚಯಾವ್ಯಯವನ್ನಿಟ್ಟು ಸುಮ್ಮನಾಗಿದ್ದಾರೆ. ಕನ್ನಡದಲ್ಲಿ ಹೇಳಹೊರಟವನಿಗೆ ಆ ಸೌಕರ್ಯವಿಲ್ಲ. ‘ಮಹಿಮೆಪಡಿಸುವುದೂ ಆನಂದಿಸುವುದೂ’ ಎಂದರೆ ಪ್ರಯೋಜನ ಎರಡಾಗುತ್ತದೆ. ‘ಮಹಿಮೆಪಡಿಸಿ ಆನಂದಿಸುವುದು’ ಎಂದರೆ ಮೊದಲನೆಯದು ಸಾಧನ, ಎರಡನೆಯದು ಫಲ. ‘ಆನಂದಿಸಿ ಮಹಿಮೆಪಡಿಸುವುದು’ ಎಂದರೆ ಸಂಬಂಧ ತಲೆಕೆಳಗು. ‘ಆನಂದಿಸುತ್ತ ಮಹಿಮೆಪಡಿಸುವುದು’ ಎಂದರೆ ಎರಡೂ ಏಕಕಾಲದವು. ಕನ್ನಡದ ಭೂತನ್ಯೂನವೂ ವರ್ತಮಾನನ್ಯೂನವೂ ಇಲ್ಲಿ ವ್ಯಾಕರಣದ ಸಂಗತಿಗಳಾಗಿ ಮಾತ್ರ ಉಳಿಯುವುದಿಲ್ಲ. ಒಂದೊಂದು ರೂಪವೂ ಒಂದೊಂದು ಸಿದ್ಧಾಂತವಾಗಿ ನಿಲ್ಲುತ್ತದೆ. ಭಾಷಾಂತರಕಾರನು ಯಾವುದನ್ನು ಆರಿಸಿಕೊಂಡರೂ ಧರ್ಮಶಾಸ್ತ್ರದ ಒಂದು ಪಕ್ಷವನ್ನು ಹಿಡಿದಂತೆಯೇ.

ಈ ತೊಡಕನ್ನು ಬಿಡಿಸುವುದಕ್ಕೆ ಪಾಶ್ಚಾತ್ಯ ಪ್ರಾಟೆಸ್ಟಂಟ್ ಲೋಕದಲ್ಲಿ ನಡೆದ ಪ್ರಯತ್ನಗಳಲ್ಲೆಲ್ಲ ಹೆಚ್ಚು ಗಂಭೀರವಾದುದು ಅಮೆರಿಕದ ಜೊನಾಥನ್ ಎಡ್ವರ್ಡ್ಸನದು. ದೇವರು ಲೋಕವನ್ನು ಸೃಷ್ಟಿಸಿದುದರ ಉದ್ದೇಶವನ್ನು ಕುರಿತ ಆತನ ಪ್ರಬಂಧ 1765ರಲ್ಲಿ, ಆತನು ತೀರಿಕೊಂಡ ಏಳು ವರ್ಷಗಳ ಮೇಲೆ, ಬಾಸ್ಟನ್ನಿನಲ್ಲಿ ಅಚ್ಚಾಯಿತು. ನಿಜವಾದ ಸದ್ಗುಣದ ಸ್ವರೂಪವನ್ನು ವಿಚಾರಿಸುವ ಇನ್ನೊಂದು ಪ್ರಬಂಧವೂ ಅದರೊಡನೆಯೇ ಹೊರಬಂದಿತು. ಇವೆರಡನ್ನೂ ಒಂದೇ ವಾದದ ಎರಡು ಮುಖಗಳೆಂದು ಓದಬೇಕು.

ಎಡ್ವರ್ಡ್ಸನನ್ನು ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲುದು ಬಹುಮಟ್ಟಿಗೆ ಒಂದೇ ಒಂದು ಉಪನ್ಯಾಸದಿಂದ. 1741ರ ಜುಲೈ 8ರಂದು ಎನ್‌ಫೀಲ್ಡ್ ಎಂಬಲ್ಲಿ ಕೋಪಾವಿಷ್ಟನಾದ ದೇವರ ಕೈಯಲ್ಲಿ ಸಿಕ್ಕ ಪಾಪಿಗಳನ್ನು ಕುರಿತು ಆತನು ಆಡಿದ ಮಾತು ಅಮೆರಿಕದ ಪಠ್ಯಪುಸ್ತಕಗಳಲ್ಲೆಲ್ಲ ಸೇರಿಹೋಗಿದೆ. ಇದು ಆತನಿಗಾದ ಅನ್ಯಾಯವೆಂದರೂ ಸಲ್ಲುತ್ತದೆ. ಆ ಒಂದು ಪ್ರವಚನದಿಂದ ಎಡ್ವರ್ಡ್ಸನನ್ನು ಅಳೆಯುವುದು ಯುದ್ಧಕಾಂಡವೊಂದನ್ನೇ ಓದಿ ವಾಲ್ಮೀಕಿಯನ್ನು ಅಳೆದಂತೆ. 1703ರಲ್ಲಿ ಕನೆಕ್ಟಿಕಟ್ ಪ್ರಾಂತದಲ್ಲಿ ಹುಟ್ಟಿ, ನಾರ್ಥಾಂಪ್ಟನ್ನಿನ ಸಭೆಯಲ್ಲಿ ತಾತನ ತರುವಾಯ ಬೋಧಕನಾಗಿ, ಪ್ರಭುಭೋಜನಕ್ಕೆ ಯಾರು ಅರ್ಹರೆಂಬ ಜಗಳದಲ್ಲಿ 1750ರಲ್ಲಿ ಅದೇ ಸಭೆಯಿಂದ ಹೊರಹಾಕಿಸಿಕೊಂಡ ಮನುಷ್ಯ ಆತ. ಮರುವರ್ಷ ಸ್ಟಾಕ್‌ಬ್ರಿಜ್ ಎಂಬ ಗಡಿನಾಡಿನ ಹಳ್ಳಿಗೆ ಹೋಗಿ ಅಲ್ಲಿಯ ಆದಿವಾಸಿ ಜನರ ನಡುವೆ ಪಾದ್ರಿಯಾಗಿ ನಿಂತನು. ಸಂಕಲ್ಪಸ್ವಾತಂತ್ರ್ಯವನ್ನು ವಿಚಾರಿಸುವ ಆತನ ಪ್ರಸಿದ್ಧ ಗ್ರಂಥವೂ (1754) ಈ ಎರಡು ಪ್ರಬಂಧಗಳೂ ಆ ಮೂಲೆಯಲ್ಲಿ ಹುಟ್ಟಿದವು. 1756ರಲ್ಲಿ ತನ್ನಿಬ್ಬರು ಶಿಷ್ಯಮಿತ್ರರಾದ ಸ್ಯಾಮ್ಯುಯಲ್ ಹಾಪ್ಕಿನ್ಸ್ ಮತ್ತು ಜೋಸೆಫ್ ಬೆಲಮಿಯವರಿಗೆ ಹಸ್ತಪ್ರತಿಯನ್ನು ಓದಿ ಕೇಳಿಸಿದನು. ಎರಡು ವರ್ಷಗಳಲ್ಲಿ ಪ್ರಿನ್ಸ್‌ಟನ್ನಿನ ಕಾಲೇಜಿಗೆ ಅಧ್ಯಕ್ಷನಾಗಿ ಹೋದ ಕೆಲವೇ ವಾರಗಳಿಗೆ, ಸಿಡುಬು ಬಾರದಿರಲೆಂದು ಹಾಕಿಸಿಕೊಂಡ ದೇವಿಯಿಂದಲೇ 1758ರ ಮಾರ್ಚ್ 22ರಂದು ಮಡಿದನು.

ಪ್ರಬಂಧ ಬರೆದ ಕಾಲದಲ್ಲಿ ಯೂರೋಪಿನ ಗಾಳಿ ಬೇರೆಯಾಗಿತ್ತು. ದೇವರೆಂದರೆ ಪರಮೋಪಕಾರಿ, ಮನುಷ್ಯರ ಸುಖಕ್ಕಾಗಿಯೇ ಆತನು ಈ ಲೋಕಯಂತ್ರವನ್ನು ನಡೆಸುತ್ತಾನೆ ಎಂಬ ಭಾವನೆ ವಿದ್ಯಾವಂತರಲ್ಲಿ ಬೇರೂರುತ್ತಿತ್ತು. ಸ್ಕಾಟ್ಲೆಂಡಿನ ಹಚಿಸನ್ ಮೊದಲಾದ ನೀತಿತತ್ತ್ವಜ್ಞರು ಪರೋಪಕಾರಬುದ್ಧಿಯನ್ನೇ ಸದ್ಗುಣದ ಸಾರವೆಂದಿದ್ದರು. ಇದರ ಎದುರಿಗೆ ಕ್ಯಾಲ್ವಿನನ ಸಂಪ್ರದಾಯ ದೇವರ ಮಹಿಮೆಗಾಗಿಯೇ ಎಲ್ಲವೂ ಎಂದು ಸಾರುತ್ತಿತ್ತು. ಮೊದಲನೆಯ ಪಕ್ಷದಲ್ಲಿ ದೇವರು ಮನುಷ್ಯನ ಸೇವಕನಾಗುತ್ತಾನೆ; ಎರಡನೆಯದರಲ್ಲಿ ಮನುಷ್ಯನು ದೇವರ ಕೀರ್ತಿಗೆ ಕಟ್ಟಿದ ಒಂದು ವಿಜಯಸ್ತಂಭವಾಗುತ್ತಾನೆ. ಎರಡನ್ನೂ ಬಿಡದೆ, ಎರಡರಲ್ಲಿ ಯಾವುದರ ಪಾಲಿಗೂ ಪೂರ್ತಿಯಾಗಿ ಬೀಳದೆ, ಎಡ್ವರ್ಡ್ಸನು ಮೂರನೆಯ ದಾರಿಯನ್ನು ಹುಡುಕಿದನು.

ವಾದದ ಕ್ರಮ ನೈಯಾಯಿಕರನ್ನು ನೆನಪಿಗೆ ತರುವಷ್ಟು ಕಟ್ಟುನಿಟ್ಟಾದುದು. ಮೊದಲು ಪದಗಳ ಅರ್ಥನಿರ್ಣಯ. ಇನ್ನೊಂದಕ್ಕಾಗಿ ಬಯಸುವ ಅಧೀನಪ್ರಯೋಜನ ಬೇರೆ, ಅದಕ್ಕಾಗಿಯೇ ಬಯಸುವ ಚರಮಪ್ರಯೋಜನ ಬೇರೆ; ಎಲ್ಲಕ್ಕಿಂತ ಹೆಚ್ಚಾಗಿ ಬಯಸುವ ಮುಖ್ಯಪ್ರಯೋಜನ ಇನ್ನೂ ಬೇರೆ. ಒಬ್ಬನಿಗೆ ಚರಮಪ್ರಯೋಜನಗಳು ಹಲವಿರಬಹುದೆಂಬುದನ್ನು ಆತನು ಒತ್ತಿ ಹೇಳುತ್ತಾನೆ. ಮುಂದಿನ ವಾದವೆಲ್ಲ ಈ ಸಣ್ಣ ಮೊಳೆಗೆ ತೂಗುಬಿದ್ದಿದೆ. ಆಮೇಲೆ ಮೊದಲನೆಯ ಅಧ್ಯಾಯದಲ್ಲಿ ಯುಕ್ತಿ, ಎರಡನೆಯದರಲ್ಲಿ ಶಾಸ್ತ್ರಪ್ರಮಾಣ. ದೇವರಲ್ಲಿ ಕೊರತೆಯನ್ನು ಸೂಚಿಸುವ ಯಾವ ಉದ್ದೇಶವನ್ನೂ ಆತನಿಗೆ ಹಚ್ಚಬಾರದು ಎಂಬುದು ಯುಕ್ತಿಯ ಮೊದಲ ಮೆಟ್ಟಿಲು. ಯಾವುದು ಸ್ವತಃ ಅತ್ಯಂತ ಬೆಲೆಯುಳ್ಳದ್ದೋ ಅದನ್ನು ಅತ್ಯಂತವಾಗಿ ಆದರಿಸುವುದೇ ನ್ಯಾಯ ಎಂಬುದು ಎರಡನೆಯದು. ಇದನ್ನು ತೋರಿಸುವುದಕ್ಕೆ ಎಡ್ವರ್ಡ್ಸನು ಒಂದು ವಿಚಿತ್ರ ಕಲ್ಪನೆಯನ್ನು ಮಾಡುತ್ತಾನೆ. ದೇವರೂ ಅಲ್ಲದ ಸೃಷ್ಟಜೀವಿಯೂ ಅಲ್ಲದ, ಪೂರ್ಣಜ್ಞಾನಿಯಾದ ಮೂರನೆಯ ಪಂಚಾಯತಿದಾರನೊಬ್ಬನನ್ನು ತಂದು ನಿಲ್ಲಿಸಿ ಅವನ ಕೈಗೆ ತಕ್ಕಡಿಯನ್ನು ಕೊಟ್ಟರೆ, ಒಂದು ತಟ್ಟೆಯಲ್ಲಿ ಸೃಷ್ಟಿಕರ್ತನನ್ನೂ ಇನ್ನೊಂದರಲ್ಲಿ ಸಮಸ್ತ ಸೃಷ್ಟಿಯನ್ನೂ ಇಟ್ಟು ತೂಗಿದರೆ ಆತನು ಯಾರ ಕಡೆಗೆ ತೀರ್ಪುಕೊಡಬೇಕು? ಇಂಥವನು ಯಾರೂ ಇಲ್ಲದ ಕಾರಣ ಆ ತೀರ್ಪನ್ನು ದೇವರೇ ಕೊಡಬೇಕಾಗುತ್ತದೆ. ಸರಿಯಾಗಿ ಕೊಟ್ಟರೆ ಅದು ತನ್ನ ಪರವಾಗಿಯೇ ಇರುತ್ತದೆ. ಮನುಷ್ಯರಲ್ಲಿ ಸ್ವಾರ್ಥವೆನಿಸುವುದು ದೇವರಲ್ಲಿ ನ್ಯಾಯನಿಷ್ಠೆಯೆನಿಸುವುದು ಹೀಗೆ. ಈ ತರ್ಕದಲ್ಲಿ ಬಿರುಕು ಕಾಣುವುದು ಕಷ್ಟ, ಮನಸ್ಸು ಒಪ್ಪುವುದು ಇನ್ನೂ ಕಷ್ಟ. ತಕ್ಕಡಿಯಲ್ಲಿ ತೂಗಿ ಪ್ರೀತಿಸುವವರನ್ನು ಲೋಕ ಪ್ರೀತಿಯುಳ್ಳವರೆಂದು ಕರೆಯುವುದಿಲ್ಲ.

ಆದರೆ ಪ್ರಬಂಧ ಅಲ್ಲಿಗೇ ನಿಂತಿದ್ದರೆ ಅದನ್ನು ಇಂದು ಓದುವ ಕಾರಣವಿರುತ್ತಿರಲಿಲ್ಲ. ತಕ್ಕಡಿಯ ಉಪಮೆಯಿಂದ ಚಿಲುಮೆಯ ಉಪಮೆಗೆ ಎಡ್ವರ್ಡ್ಸನು ದಾಟುವ ಘಟ್ಟವೇ ಅದರ ಜೀವಾಳ. ತುಂಬಿದ ಬುಗ್ಗೆ ಉಕ್ಕಿ ಹರಿಯುವಂತೆ, ಸೂರ್ಯನಿಂದ ಬೆಳಕು ಚೆಲ್ಲುವಂತೆ, ಬೇರಿನ ರಸ ಕೊಂಬೆ ಚಿಗುರುಗಳಿಗೆ ಏರುವಂತೆ, ತನ್ನ ಪೂರ್ಣತೆಯನ್ನು ಹೊರಕ್ಕೆ ಹರಿಸುವ ಒಲವು ದೇವರ ಸ್ವಭಾವದಲ್ಲಿಯೇ ಉಂಟು. ಹೀಗೆ ಹೊರಹರಿದ ಜ್ಞಾನ, ಪಾವಿತ್ರ್ಯ, ಆನಂದಗಳೇ ಜೀವಿಗಳಲ್ಲಿ ದೇವರ ಅರಿವಾಗಿ, ದೇವರ ಪ್ರೀತಿಯಾಗಿ, ದೇವರಲ್ಲಿಯ ಸಂತೋಷವಾಗಿ ಪ್ರತಿಫಲಿಸಿ ಮತ್ತೆ ಮೂಲಕ್ಕೆ ಮರಳುತ್ತವೆ. ಹರಿದುಬಂದುದೂ ಮರಳಿಹೋದುದೂ ಒಂದೇ ಬೆಳಕು. ಆದಕಾರಣ ದೇವರ ಮಹಿಮೆ ಎಂಬುದೂ ಜೀವಿಯ ಸುಖ ಎಂಬುದೂ ಎರಡು ಪ್ರಯೋಜನಗಳಲ್ಲ. ಒಂದೇ ಪ್ರವಾಹವನ್ನು ಮೇಲುಗಡೆಯಿಂದ ನೋಡಿದಾಗ ಮಹಿಮೆ, ಕೆಳಗಡೆಯಿಂದ ನೋಡಿದಾಗ ಸುಖ. ವೆಸ್ಟ್‌ಮಿನ್‌ಸ್ಟರಿನ ಪಂಡಿತರು ಅವ್ಯಯವೊಂದರಲ್ಲಿ ಅಡಗಿಸಿಟ್ಟಿದ್ದ ಸಮಸ್ಯೆಗೆ ಇದಕ್ಕಿಂತ ಚೆಲುವಾದ ಪರಿಹಾರ ದೊರಕುವುದು ಕಷ್ಟ. ಗದ್ಯವೂ ಇಲ್ಲಿ ಮಾತ್ರ ಮೈದುಂಬಿಕೊಳ್ಳುತ್ತದೆ. ಉಳಿದೆಡೆ ಅಂಕೆಹಾಕಿದ ವಾಕ್ಯಗಳ ಒಣಗಿದ ಸಾಲು. ಎರಡನೆಯ ಅಧ್ಯಾಯದಲ್ಲಂತೂ ಬೈಬಲಿನ ವಚನಗಳನ್ನು ಒಂದರಮೇಲೊಂದು ಪೇರಿಸಿ ಓದುಗನ ತಾಳ್ಮೆಯನ್ನು ಪರೀಕ್ಷಿಸಲಾಗಿದೆ.

ಆ ಅಧ್ಯಾಯದಲ್ಲಿಯೂ ಒಂದು ಕಡೆ ನಿಲ್ಲಬೇಕು. ‘ಮಹಿಮೆ’ ಎಂದು ಕನ್ನಡ ಬೈಬಲಿನಲ್ಲಿ ಬರುವ ಪದದ ಹೀಬ್ರೂ ಮೂಲ ‘ಕಾಬೋದ್’. ಅದರ ಧಾತ್ವರ್ಥ ಭಾರ, ತೂಕ ಎಂದು. ಎಡ್ವರ್ಡ್ಸನು ಇದನ್ನು ಗಮನಿಸಿ, ಆ ಪದ ಒಳಗಿನ ಶ್ರೇಷ್ಠತೆಗೂ ಅದರ ಹೊರಗಿನ ಪ್ರಕಾಶಕ್ಕೂ ಅದರ ಅರಿವಿಗೂ ಸ್ತುತಿಗೂ ಸಲ್ಲುವುದನ್ನು ವಿಂಗಡಿಸಿ ತೋರಿಸುತ್ತಾನೆ. ಇಂಗ್ಲಿಷಿನ ಪದಕ್ಕೆ ಈ ಭಾರದ ಅರ್ಥವಿಲ್ಲ. ಅದು ಹೆಚ್ಚಾಗಿ ಕೀರ್ತಿ, ಜಯಘೋಷಗಳ ಕಡೆಗೆ ವಾಲುತ್ತದೆ. ದೇವರು ತನ್ನ ಕೀರ್ತಿಗಾಗಿ ಲೋಕವನ್ನು ಸೃಷ್ಟಿಸಿದನೆಂಬ ಮಾತು ಹೊಗಳಿಕೆಗೆ ಹಾತೊರೆಯುವ ಅರಸನ ಚಿತ್ರವನ್ನು ಕಣ್ಣಮುಂದೆ ತರುವುದು ಇದರಿಂದಲೇ. ಕನ್ನಡಕ್ಕೆ ಇಲ್ಲಿ ಒಂದು ಅನುಕೂಲವಿದೆ. ‘ಗುರು’ ಎಂದರೆ ಭಾರವಾದುದು, ಅದರಿಂದಾದುದು ‘ಗೌರವ’; ‘ಘನ’ ಎಂಬುದು ಗಟ್ಟಿತನಕ್ಕೂ ಹಿರಿಮೆಗೂ ಒಂದೇ ಪದ; ತೂಕದ ಮನುಷ್ಯ ಎಂಬುದು ಬಳಕೆಯ ಮಾತು. ‘ಘನತೆ’ಯನ್ನು ಎದುರಿಗಿಟ್ಟುಕೊಂಡು ಓದಿದರೆ ಎಡ್ವರ್ಡ್ಸನ ವಾದದ ಒರಟುತನ ಎಷ್ಟೋ ಕಡಿಮೆಯಾಗುತ್ತದೆ. ಘನವಾದುದರ ಘನತೆ ಮತ್ತೊಬ್ಬರ ಹೊಗಳಿಕೆಯಿಂದ ಬರುವಂಥದಲ್ಲ. ಅದನ್ನು ಅರಿತವನಿಗೆ ಅರಿತುದರಿಂದಲೇ ಲಾಭ.

ಸೃಷ್ಟಿಗೆ ಪ್ರಯೋಜನವೇನೆಂಬ ಚರ್ಚೆ ಭಾರತೀಯ ಓದುಗನಿಗೆ ಹೊಸದಲ್ಲ. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ, ಆಪ್ತಕಾಮನಾದ ಬ್ರಹ್ಮನಿಗೆ ಪ್ರಯೋಜನವಿಲ್ಲದಿರುವುದರಿಂದ ಆತನು ಕರ್ತನಾಗಲಾರನೆಂಬ ಪೂರ್ವಪಕ್ಷವನ್ನೆತ್ತಿ, ಅದು ಲೀಲೆಯೆಂದು ಬಾದರಾಯಣರು ಸಮಾಧಾನ ಹೇಳುತ್ತಾರೆ. ಶಂಕರರು ಬಯಕೆಗಳೆಲ್ಲ ತೀರಿದ ಅರಸನ ಆಟವನ್ನೂ ಉಸಿರಾಟವನ್ನೂ ದೃಷ್ಟಾಂತವಾಗಿ ಕೊಟ್ಟು, ಪರಮಾರ್ಥದಲ್ಲಿ ಸೃಷ್ಟಿಶ್ರುತಿಗೆ ತಾತ್ಪರ್ಯ ಬೇರೆಯೆಂದು ಮುಂದೆ ಸಾಗುತ್ತಾರೆ. ಉಡುಪಿಯ ಮಧ್ವಾಚಾರ್ಯರ ದೃಷ್ಟಾಂತ ಇನ್ನೂ ಬಿಸಿಯಾದುದು. ಸುಖ ಉಕ್ಕಿ ಮೈಮರೆತವನು ಏನನ್ನೂ ಪಡೆಯುವುದಕ್ಕಲ್ಲದೆ ಕುಣಿದು ಹಾಡುವಂತೆ ಭಗವಂತನ ಸೃಷ್ಟಿವ್ಯಾಪಾರ. ಎಡ್ವರ್ಡ್ಸನ ಉಕ್ಕುವ ಬುಗ್ಗೆಗೂ ಮಧ್ವರ ಕುಣಿತಕ್ಕೂ ನಡುವೆ ಐದು ಶತಮಾನಗಳೂ ಎರಡು ಸಾಗರಗಳೂ ಇವೆ. ಆದರೂ ಎರಡೂ ಒಂದೇ ತೊಡಕಿಗೆ ಒಂದೇ ಜಾಡಿನ ಉತ್ತರಗಳು: ಕೊರತೆಯಿಂದಲ್ಲ, ತುಂಬಿದುದರಿಂದ.

ಸಾಮ್ಯ ಇಷ್ಟಕ್ಕೇ ಮುಗಿಯುವುದಿಲ್ಲ. ಮುಕ್ತರಿಗೆ ಆನಂದದಲ್ಲಿ ತಾರತಮ್ಯವುಂಟು, ಆದರೆ ಯಾರಿಗೂ ಕೊರತೆಯಿಲ್ಲ ಎಂಬುದು ಮಾಧ್ವರ ಮತ. ಸ್ವರ್ಗದಲ್ಲಿ ಸಂತರು ಚಿಕ್ಕ ದೊಡ್ಡ ಪಾತ್ರೆಗಳಂತೆ, ಎಲ್ಲವೂ ಆನಂದಸಮುದ್ರದಲ್ಲಿ ಮುಳುಗಿ ತಂತಮ್ಮ ಅಳತೆಗೆ ತುಂಬಿರುತ್ತವೆ ಎಂದು ಎಡ್ವರ್ಡ್ಸನು ಪ್ರವಚನ ಮಾಡಿದ್ದಾನೆ. ನಿತ್ಯನರಕಕ್ಕೆ ಯೋಗ್ಯರಾದ ಜೀವರೂ ಉಂಟೆಂಬುದನ್ನು ವೇದಾಂತಿಗಳಲ್ಲಿ ಮಧ್ವಮತವೊಂದೇ ಒಪ್ಪುತ್ತದೆ. ಇಂಥ ಹೋಲಿಕೆಗಳನ್ನು ಕಂಡು ಗ್ರಿಯರ್ಸನ್ ಮೊದಲಾದ ಪಾಶ್ಚಾತ್ಯ ಪಂಡಿತರು ಮಧ್ವರ ಮೇಲೆ ಕ್ರೈಸ್ತ ಪ್ರಭಾವವನ್ನು ಊಹಿಸಿದ್ದರು. ಆ ಊಹೆಗೆ ಆಧಾರವಿಲ್ಲವೆಂದು ಮುಂದಿನ ವಿದ್ವಾಂಸರು ತೋರಿಸಿದ್ದಾರೆ. ಹೋಲಿಕೆಗಿಂತ ಭೇದವೇ ಇಲ್ಲಿ ಹೆಚ್ಚು ಬೋಧಕವಾದುದು. ಮಧ್ವರ ಜೀವರು ಅನಾದಿಗಳು. ಅವರು ಭಗವಂತನ ಅಧೀನರು, ಆದರೆ ಅಭಾವದಿಂದ ಹುಟ್ಟಿಸಲ್ಪಟ್ಟವರಲ್ಲ. ಅವರ ಯೋಗ್ಯತೆಯೂ ಅನಾದಿಯೇ. ಸೃಷ್ಟಿಯೆಂದರೆ ಅವರವರ ಸ್ವರೂಪ ವ್ಯಕ್ತವಾಗುವುದಕ್ಕೆ ಅವಕಾಶ ಮಾಡಿಕೊಡುವುದು. ತಮೋಯೋಗ್ಯನು ತಮಸ್ಸಿಗೆ ಹೋದರೆ ಅವನನ್ನು ಏಕೆ ಹಾಗೆ ಮಾಡಿದೆಯೆಂದು ಭಗವಂತನನ್ನು ಕೇಳುವಂತಿಲ್ಲ. ಕ್ರೈಸ್ತಮತದಲ್ಲಿ ಈ ಬಾಗಿಲು ಮುಚ್ಚಿದೆ. ಅಲ್ಲಿ ದೇವರು ಶೂನ್ಯದಿಂದ ಸೃಷ್ಟಿಸುತ್ತಾನೆ. ಇಲ್ಲದಿದ್ದವನನ್ನು ಇರುವಂತೆ ಮಾಡುತ್ತಾನೆ. ಆದ್ದರಿಂದ ಮನುಷ್ಯನು ಏತಕ್ಕಾಗಿ ಎಂಬ ಪ್ರಶ್ನೆ ಅಲ್ಲಿ ನೂರ್ಮಡಿ ಹರಿತವಾಗುತ್ತದೆ.

ಎಡ್ವರ್ಡ್ಸನ ಕಟ್ಟಡ ನಡುಗುವುದು ಈ ಸ್ಥಳದಲ್ಲಿ. ಮಹಿಮೆಯೂ ಸುಖವೂ ಒಂದೇ ಪ್ರವಾಹವಾದರೆ, ಆ ಪ್ರವಾಹ ಮುಟ್ಟದೆ ಉಳಿದವರ ಗತಿಯೇನು? ಪ್ರಬಂಧದಲ್ಲಿ ನರಕದ ಮಾತು ಹೆಚ್ಚಾಗಿ ಬರುವುದಿಲ್ಲ. ಆದರೆ ಅದೇ ಲೇಖನಿಯಿಂದ ಬಂದ ಇನ್ನೊಂದು ಪ್ರವಚನವಿದೆ: ದುಷ್ಟರು ತಮ್ಮ ನಾಶದಲ್ಲಿ ಮಾತ್ರ ಉಪಯುಕ್ತರು ಎಂಬುದೇ ಅದರ ಹೆಸರು. ಹಣ್ಣು ಬಿಡದ ದ್ರಾಕ್ಷಿಯ ಬಳ್ಳಿ ತೊಲೆಗೂ ಆಗದು, ಗೂಟಕ್ಕೂ ಆಗದು, ಒಲೆಗೆ ಮಾತ್ರ ಆದೀತೆಂಬ ಯೆಹೆಜ್ಕೇಲ ಪ್ರವಾದಿಯ ಉಪಮೆಯನ್ನು ಅದು ಹಿಡಿದಿದೆ. ಅಲ್ಲಿ ದೇವರ ಮಹಿಮೆಯೂ ಜೀವಿಯ ಸುಖವೂ ಸ್ಪಷ್ಟವಾಗಿ ಬೇರೆಬೇರೆಯಾಗಿವೆ. ಒಂದು ನೆರವೇರುವುದು ಇನ್ನೊಂದರ ಸರ್ವನಾಶದಿಂದ. ಪ್ರಬಂಧದ ಸಿದ್ಧಾಂತ ರಕ್ಷಣೆ ಹೊಂದಿದವರ ವಿಷಯದಲ್ಲಿ ಮಾತ್ರ ಸತ್ಯವೆಂದು ಒಪ್ಪಿದರೆ, ಅದು ಸೃಷ್ಟಿಯ ಪ್ರಯೋಜನವನ್ನು ಹೇಳಿದಂತಾಗಲಿಲ್ಲ, ಸೃಷ್ಟಿಯ ಒಂದು ಭಾಗದ ಪ್ರಯೋಜನವನ್ನು ಹೇಳಿದಂತಾಯಿತು. ಎಲ್ಲರ ವಿಷಯದಲ್ಲಿಯೂ ಸತ್ಯವೆಂದರೆ ನಿತ್ಯನರಕವನ್ನು ಬಿಡಬೇಕಾಗುತ್ತದೆ. ಎಡ್ವರ್ಡ್ಸನು ಯಾವುದನ್ನೂ ಬಿಡಲಿಲ್ಲ.

ಈ ಒಡಕನ್ನು ಶಿಷ್ಯನು ಗುರುವಿಗಿಂತ ನಿಷ್ಠುರವಾಗಿ ಕಂಡನು. ದೇವರ ಮಹಿಮೆಗೆ ಬೇಕಾದರೆ ತಾನು ನರಕಕ್ಕೆ ಹೋಗುವುದಕ್ಕೂ ಸಿದ್ಧನಾಗಿರುವುದೇ ನಿಜವಾದ ಭಕ್ತನ ಲಕ್ಷಣವೆಂದು ಹಾಪ್ಕಿನ್ಸನು ಬೋಧಿಸಿದನು. ಇದನ್ನು ಕೇಳಿ ನಕ್ಕವರೂ ಉಂಟು, ಹೆದರಿದವರೂ ಉಂಟು. ಎಡ್ವರ್ಡ್ಸನು ತನ್ನ ಖಾಸಗಿ ಟಿಪ್ಪಣಿಯೊಂದರಲ್ಲಿ ಇಂಥ ಸಿದ್ಧತೆ ಅಸಂಭವವೆಂದೇ ಬರೆದಿದ್ದನು: ದೇವರನ್ನು ಪ್ರೀತಿಸುವುದೆಂದರೆ ದೇವರಲ್ಲಿ ಸುಖಕಾಣುವುದು, ದೇವರ ಪ್ರೀತಿಗಾಗಿ ಆ ಸುಖವನ್ನೇ ಶಾಶ್ವತವಾಗಿ ಬಿಡುವುದು ಸ್ವವಿರೋಧ. ಗುರುವಿನ ಮಾತು ತರ್ಕಕ್ಕೆ ಸರಿ, ಶಿಷ್ಯನ ಮಾತು ಗುರುವಿನ ತಕ್ಕಡಿಗೆ ಸರಿ. ತಕ್ಕಡಿಯೂ ಬುಗ್ಗೆಯೂ ಒಂದೇ ಪುಸ್ತಕದಲ್ಲಿದ್ದರೂ ಒಂದೇ ಸಿದ್ಧಾಂತಕ್ಕೆ ಸೇರಿದವಲ್ಲವೆಂಬುದು ಈ ಗುರುಶಿಷ್ಯರ ಭೇದದಿಂದ ಹೊರಬೀಳುತ್ತದೆ.

ಇನ್ನೊಂದು ಸಂಗತಿಯನ್ನು ಮುಚ್ಚಿಡುವುದು ವಿಮರ್ಶೆಗೆ ಒಪ್ಪುವುದಿಲ್ಲ. 1731ರಲ್ಲಿ ಎಡ್ವರ್ಡ್ಸನು ನ್ಯೂಪೋರ್ಟ್ ಬಂದರಿಗೆ ಹೋಗಿ, ಕ್ರಯಪತ್ರದಲ್ಲಿ ವೀನಸ್ ಎಂದು ಹೆಸರಿಸಿರುವ, ಸುಮಾರು 14 ವರ್ಷದ ಒಬ್ಬ ನೀಗ್ರೋ ಹುಡುಗಿಯನ್ನು 80 ಪೌಂಡಿಗೆ ಕೊಂಡುತಂದನು. ಜೀವನದುದ್ದಕ್ಕೂ ಆತನ ಮನೆಯಲ್ಲಿ ಗುಲಾಮರಿದ್ದರು. ಕಾಲಧರ್ಮವೆಂದು ಇದನ್ನು ದಾಟಿಬಿಡುವವರುಂಟು. ಆದರೆ ಪ್ರಯೋಜನವೆಂಬ ಪದವನ್ನು ಇಷ್ಟು ಸೂಕ್ಷ್ಮವಾಗಿ ಬಿಡಿಸಿದ, ತನಗಾಗಿಯೇ ಬಯಸಬೇಕಾದುದು ಯಾವುದು, ಇನ್ನೊಂದಕ್ಕೆ ಸಾಧನವಾಗಿ ಬಯಸಬೇಕಾದುದು ಯಾವುದು ಎಂದು ವಿಂಗಡಿಸಿದ ತಾರ್ಕಿಕನೊಬ್ಬನು, ಮನುಷ್ಯನೊಬ್ಬನನ್ನು ಇನ್ನೊಬ್ಬ ಮನುಷ್ಯನ ಅನುಕೂಲಕ್ಕೆ ಸಾಧನವಾಗಿ ಕೊಳ್ಳುವಾಗ ಆ ವಿಂಗಡಣೆಯನ್ನು ನೆನೆಯಲಿಲ್ಲವೆಂಬುದು ಕೇವಲ ಕಾಲಧರ್ಮದ ಮಾತಲ್ಲ. ಬೆಲೆಗೆ ತಕ್ಕ ಆದರ ಎಂಬ ತಕ್ಕಡಿ ಕೈಯಲ್ಲಿದ್ದವನಿಗೆ ಕೆಲವರ ತೂಕ ಕಡಿಮೆಯೆಂದು ಕಾಣುವುದು ಸುಲಭ. ಅದೇ ನ್ಯೂಪೋರ್ಟಿಗೆ 1770ರಲ್ಲಿ ಬೋಧಕನಾಗಿ ಬಂದ ಹಾಪ್ಕಿನ್ಸನು ಗುಲಾಮರ ವ್ಯಾಪಾರದಿಂದ ಕೊಬ್ಬಿದ ಆ ಊರಿನಲ್ಲಿಯೇ ಅದರ ವಿರುದ್ಧ ಬೋಧಿಸಿ, 1776ರಲ್ಲಿ ಆಫ್ರಿಕನರ ದಾಸ್ಯವನ್ನು ಖಂಡಿಸುವ ಸಂವಾದವನ್ನು ಪ್ರಕಟಿಸಿದನು. ಆತನಿಗೆ ಆಯುಧ ಒದಗಿದ್ದು ಎಡ್ವರ್ಡ್ಸನ ಅವಳಿ ಪ್ರಬಂಧದಿಂದ: ಇರುವ ಸಮಸ್ತಕ್ಕೂ ಒಳಿತನ್ನು ಬಯಸುವುದೇ ಸದ್ಗುಣವೆಂಬ ತತ್ತ್ವದಿಂದ. ಪ್ರಬಂಧ ಬರೆದವನಿಗೆ ಕಾಣದ ಅರ್ಥ ಅದನ್ನು ಮೊದಲು ಕೇಳಿದವನಿಗೆ ಕಂಡಿತು.

ಬುಗ್ಗೆಯ ಉಪಮೆಗೂ ತನ್ನದೇ ಆದ ಅಪಾಯವಿದೆ. ಬುಗ್ಗೆ ಉಕ್ಕದೆ ಇರಲಾರದು, ಸೂರ್ಯನು ಬೆಳಗದೆ ಇರಲಾರನು. ಹಾಗಾದರೆ ದೇವರು ಸೃಷ್ಟಿಸದೆ ಇರಬಲ್ಲನೇ? ಇರಲಾರನೆಂದರೆ ಸೃಷ್ಟಿ ದೇವರ ಸ್ವರೂಪಕ್ಕೆ ಅವಶ್ಯಕವಾಗಿ, ಆತನ ಪೂರ್ಣತೆಗೆ ಕುಂದಾಗುತ್ತದೆ. ಈ ಕಾರಣದಿಂದಲೇ ಎಡ್ವರ್ಡ್ಸನಲ್ಲಿ ಸರ್ವೇಶ್ವರವಾದದ ಛಾಯೆಯನ್ನು ಕಂಡ ವಿಮರ್ಶಕರುಂಟು. ಕ್ಯಾಥೊಲಿಕರು ಈ ವಿಷಯದಲ್ಲಿ ಎಚ್ಚರಿಕೆಯವರು. ಥಾಮಸ್ ಅಕ್ವಿನಾಸನು ದೇವರು ಪಡೆಯುವುದಕ್ಕಾಗಿ ಅಲ್ಲ, ಕೊಡುವುದಕ್ಕಾಗಿಯೇ ಕರ್ಮಮಾಡುತ್ತಾನೆಂದು ಹೇಳಿ, ಆ ಕೊಡುವಿಕೆ ಸ್ವತಂತ್ರವಾದುದೆಂದು ಸೇರಿಸಿದ್ದನು. 1870ರ ವ್ಯಾಟಿಕನ್ ಮಹಾಸಭೆ ಲೋಕಸೃಷ್ಟಿ ದೇವರ ಮಹಿಮೆಗಾಗಿಯೇ ಎಂದೂ, ಆತನ ಆನಂದವನ್ನು ಹೆಚ್ಚಿಸಿಕೊಳ್ಳುವುದಕ್ಕಲ್ಲವೆಂದೂ ಒಂದೇ ಉಸಿರಿನಲ್ಲಿ ವಿಧಿಸಿತು. ಎಡ್ವರ್ಡ್ಸನಿಗೂ ಪರಿಹಾರ ಕೈಯಳತೆಯಲ್ಲಿತ್ತು. ದೇವರು ತಂದೆ, ಮಗ, ಪವಿತ್ರಾತ್ಮಗಳಾಗಿ ತನ್ನೊಳಗೇ ಅರಿವಿನಿಂದಲೂ ಪ್ರೀತಿಯಿಂದಲೂ ಅನಾದಿಯಾಗಿ ಉಕ್ಕುತ್ತಿರುವನೆಂದು ಆತನು ತ್ರಿತ್ವವನ್ನು ಕುರಿತ ಟಿಪ್ಪಣಿಯಲ್ಲಿ ಬರೆದಿಟ್ಟಿದ್ದನು. ಆ ಒಳಗಿನ ಉಕ್ಕುವಿಕೆಯಲ್ಲಿಯೇ ದೇವರು ಪೂರ್ಣನೆಂದರೆ ಹೊರಗಿನ ಸೃಷ್ಟಿ ಅವಶ್ಯಕವಾಗದೆ ಅನುಗ್ರಹವಾಗಿ ಉಳಿಯುತ್ತದೆ. ಆದರೆ ಅದು ಅಚ್ಚಾದದ್ದು 1903ರಲ್ಲಿ. ಸೃಷ್ಟಿಪ್ರಯೋಜನದ ಪ್ರಬಂಧದಲ್ಲಿ ಅದರ ಸುಳಿವು ತೀರ ಕಡಿಮೆ. ದಾರ್ಶನಿಕರ ಜತೆಯಲ್ಲಿ ಅವರ ಭಾಷೆಯಲ್ಲಿಯೇ ವಾದಿಸಬೇಕೆಂಬ ಹಟದಿಂದ ಆತನು ತನ್ನ ಅತ್ಯುತ್ತಮ ಸಾಕ್ಷಿಯನ್ನು ಹೊರಗೇ ನಿಲ್ಲಿಸಿದಂತಾಯಿತು.

ಇತ್ತೀಚಿನವರಲ್ಲಿ ಇಬ್ಬರನ್ನು ನೆನೆದರೆ ಸಾಕು. ಜಾನ್ ಪೈಪರ್ ಎಂಬ ಅಮೆರಿಕನ್ ಬೋಧಕ 1986ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಪ್ರಶ್ನೋತ್ತರಿಯ ಆ ಅವ್ಯಯವನ್ನೇ ತಿದ್ದಿ, ಆನಂದಿಸುವುದರ ಮೂಲಕ ಮಹಿಮೆಪಡಿಸುವುದೆಂದು ಓದಿದನು. ಕನ್ನಡದ ‘ಆನಂದಿಸಿ ಮಹಿಮೆಪಡಿಸುವುದು’ ಎಂಬ ರೂಪ ಇದೇ. ಇದು ಎಡ್ವರ್ಡ್ಸನಿಂದ ಕಲಿತದ್ದೆಂದು ಆತನೇ ಹೇಳಿಕೊಂಡಿದ್ದಾನೆ. ಕಲಿತದ್ದು ನಿಜ, ಆದರೆ ಎಡ್ವರ್ಡ್ಸನು ಒಂದಾಗಿಸಿದ್ದನ್ನು ಇದು ಮತ್ತೆ ಸಾಧನ ಸಾಧ್ಯಗಳಾಗಿ ಒಡೆಯುತ್ತದೆ. ಜರ್ಮನಿಯ ಯುರ್ಗೆನ್ ಮೊಲ್ಟ್‌ಮನ್ (1926–2024) 1985ರ ತನ್ನ ಸೃಷ್ಟಿವಿಚಾರದ ಗ್ರಂಥದಲ್ಲಿ ಬುಗ್ಗೆಯ ಉಪಮೆಯನ್ನೇ ಬದಿಗಿಟ್ಟು ಯಹೂದಿ ರಹಸ್ಯವಾದಿಗಳಿಂದ ಬೇರೊಂದನ್ನು ತಂದನು: ದೇವರು ಉಕ್ಕಲಿಲ್ಲ, ಹಿಂಜರಿದು ಇನ್ನೊಂದಕ್ಕೆ ಎಡೆಮಾಡಿಕೊಟ್ಟನು. ಎರಡನೆಯ ಮಹಾಯುದ್ಧದಲ್ಲಿ ಸೈನಿಕನಾಗಿದ್ದು ಸೆರೆಸಿಕ್ಕಿ ಬಂದವನಿಗೆ ಮಹಿಮೆಯ ಉಕ್ಕುವಿಕೆಗಿಂತ ಈ ಹಿಂಜರಿಕೆ ಹೆಚ್ಚು ನಂಬತಕ್ಕುದಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಎಡ್ವರ್ಡ್ಸನ ಕೊನೆಯ ಪುಟಗಳು ಈ ವಿವಾದಗಳಿಗೆಲ್ಲ ಹೊರಗಾದ ಒಂದು ಎತ್ತರದಲ್ಲಿವೆ. ಜೀವಿ ದೇವರೊಡನೆ ಹೊಂದುವ ಐಕ್ಯ ಒಂದು ದಿನ ಮುಗಿದು ನಿಲ್ಲುವಂಥದಲ್ಲ. ಅನಂತವಾದ ಎತ್ತರದ ಕಡೆಗೆ ನಿತ್ಯವೂ ಏರುತ್ತಿರುವ ವಸ್ತುವಿನಂತೆ ಅದು ಎಂದೆಂದಿಗೂ ಹೆಚ್ಚುತ್ತಲೇ ಹೋಗುತ್ತದೆ. ಇಗೋ, ಕೊಡಬೇಕಾದುದನ್ನೆಲ್ಲ ಕೊಟ್ಟಾಯಿತು ಎನ್ನುವ ಗಳಿಗೆ ಕಾಲದಲ್ಲಿ ಬರುವುದೇ ಇಲ್ಲ. ಆದರೆ ಆ ಏರುವಿಕೆಯನ್ನೆಲ್ಲ ಒಟ್ಟಿಗೆ ಕಾಣುವ ದೇವರ ದೃಷ್ಟಿಯಲ್ಲಿ ಜೀವಿಯ ಹಿತಕ್ಕೂ ತನ್ನ ಹಿತಕ್ಕೂ ಅಂತರವಿಲ್ಲ. ನಾಲ್ಕನೆಯ ಶತಮಾನದ ನಿಸ್ಸಾದ ಗ್ರೆಗೊರಿಯೂ ಮೋಶೆಯ ಜೀವನವನ್ನು ವ್ಯಾಖ್ಯಾನಿಸುತ್ತ ಇಂಥ ಕೊನೆಯಿಲ್ಲದ ಆರೋಹಣವನ್ನು ಹೇಳಿದ್ದನು. ಉಡುಪಿಯ ಮುಕ್ತನೂ ಸ್ಟಾಕ್‌ಬ್ರಿಜಿನ ಸಂತನೂ ಬೇರೆಯಾಗುವುದು ಇಲ್ಲಿ. ಮಧ್ವರ ಮುಕ್ತನು ತನ್ನ ಸ್ವರೂಪಾನಂದವನ್ನು ಪೂರ್ಣವಾಗಿ ಪಡೆದು ಅದರಲ್ಲಿ ನೆಲೆನಿಲ್ಲುತ್ತಾನೆ. ಅವನ ಪಾತ್ರೆಯ ಅಳತೆ ಅನಾದಿ, ಅದು ಬದಲಾಗದು. ಎಡ್ವರ್ಡ್ಸನ ಸಂತನ ಪಾತ್ರೆ ಯಾವ ಗಳಿಗೆಯಲ್ಲಿ ನೋಡಿದರೂ ತುಂಬಿದೆ, ಆದರೆ ಅದು ಬೆಳೆಯುತ್ತಲೂ ಇದೆ. ಅನಂತಕಾಲ ಕಳೆದರೂ ಆತನು ದೇವರಿಗೆ ಇನ್ನೂ ಹತ್ತಿರವಾಗುತ್ತಲೇ ಇರುತ್ತಾನೆ.